ಕುಷ್ಠದ ಲಸಿಕೆಯಿಂದ ಕ್ಯಾನ್ಸರಿನ ಮದ್ದಿಗೆ: ಅಹಮದಾಬಾದಿನ ಒಂದು ಕಥೆ

ಸೂರತ್‌ನಲ್ಲಿರುವ ಧಾರವಾಡದ ಗೆಳೆಯನ ತಂದೆಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದಾಗ, ಅವರನ್ನು ಅಹಮದಾಬಾದಿಗೆ ಕರೆದೊಯ್ಯಲು ನಾನೂ ವಡೋದರಾದಲ್ಲಿ ರೈಲು ಹತ್ತಿದೆ. "ಇಮ್ಯುನೊಥೆರಪಿ ಅಂತ ಏನೋ ಹೊಸಾದು ಬಂದದಂತಲ್ಲೋ ತಮ್ಮಾ, ನಮಗೂ ಸಿಗತದೇನು?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿದಾಗ ಸಿಕ್ಕಿದ್ದು ಅಹಮದಾಬಾದಿನದೇ ಕಥೆ.

ಅದು ಶುರುವಾಗುವುದು ಕುಷ್ಠರೋಗದಿಂದ. 1970ರ ದಶಕದಲ್ಲಿ ದೆಹಲಿಯ ಏಮ್ಸ್‌ನಲ್ಲಿದ್ದ ಡಾ. ಜಿ. ಪಿ. ತಲ್ವಾರ್ ಕುಷ್ಠಕ್ಕೆ ಲಸಿಕೆ ಹುಡುಕುತ್ತಿದ್ದರು. ಕುಷ್ಠದ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಲು ಬರುವುದಿಲ್ಲ. ಹಾಗಾಗಿ ಅದರ ದಾಯಾದಿಯೊಂದನ್ನು ಆರಿಸಿಕೊಂಡರು: ಸುಲಭವಾಗಿ ಬೆಳೆಯುವ, ರೋಗ ತರದ ಮೈಕೋಬ್ಯಾಕ್ಟೀರಿಯಂ ಡಬ್ಲ್ಯೂ. ಅದನ್ನು ಕಾಯಿಸಿ ಕೊಂದು ಚರ್ಮದೊಳಗೆ ಚುಚ್ಚಿದರೆ, ಮಂಕಾಗಿದ್ದ ರೋಗನಿರೋಧಕ ಶಕ್ತಿ ಎಚ್ಚರಗೊಳ್ಳುತ್ತಿತ್ತು. ಈ ಲಸಿಕೆಯನ್ನು ತಯಾರಿಸಿ ಮಾರುಕಟ್ಟೆಗೆ ತಂದದ್ದು ಅಹಮದಾಬಾದಿನ ಕ್ಯಾಡಿಲಾ ಫಾರ್ಮಾಸ್ಯೂಟಿಕಲ್ಸ್.

ಹೀಗೆ ಎಚ್ಚರಗೊಂಡ ಶಕ್ತಿಯನ್ನು ಕ್ಯಾನ್ಸರ್ ಗೆಡ್ಡೆಯ ಮೇಲೂ ತಿರುಗಿಸಬಹುದೇ? ಈ ಆಸೆ ಹಳೆಯದು. ನ್ಯೂಯಾರ್ಕಿನ ವಿಲಿಯಂ ಕೋಲಿ 1891ರಲ್ಲೇ ಕ್ಯಾನ್ಸರ್ ರೋಗಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದ್ದರು. 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್, ಕ್ಷಯದ ಬಿಸಿಜಿ ಲಸಿಕೆ ಮೂತ್ರಕೋಶದ ಕ್ಯಾನ್ಸರಿಗೆ ಫಲ ಕೊಟ್ಟದ್ದನ್ನು ವರದಿ ಮಾಡಿದರು. ಅದು ಇಂದಿಗೂ ಬಳಕೆಯಲ್ಲಿದೆ.

2013ರಲ್ಲಿ ಕ್ಯಾಡಿಲಾ ತನ್ನ ಕುಷ್ಠದ ಲಸಿಕೆಯ ಬ್ಯಾಕ್ಟೀರಿಯಾವನ್ನೇ 'ಮೈಸಿಡಾಕ್-ಸಿ' ಎಂಬ ಹೆಸರಿನಲ್ಲಿ, ಶ್ವಾಸಕೋಶದ ಕ್ಯಾನ್ಸರಿಗೆ ಕಿಮೊಥೆರಪಿಯ ಜೊತೆ ಕೊಡುವ ಇಂಜೆಕ್ಷನ್ನಾಗಿ ಬಿಡುಗಡೆ ಮಾಡಿತು. 221 ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 'ಆನಲ್ಸ್ ಆಫ್ ಆಂಕಾಲಜಿ'ಯಲ್ಲಿ ಅಚ್ಚಾದದ್ದು 2017ರಲ್ಲಿ. ಎಲ್ಲರನ್ನೂ ಒಟ್ಟಿಗೆ ನೋಡಿದರೆ ಆಯಸ್ಸಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸ್ಕ್ವಾಮಸ್ ಎಂಬ ಬಗೆಯ ಕ್ಯಾನ್ಸರ್ ಇದ್ದವರು ಮಾತ್ರ ಇಂಜೆಕ್ಷನ್ ಪಡೆದಾಗ ಹೆಚ್ಚು ಕಾಲ ಬದುಕಿದ್ದರು.

ಒಂದು ಉಪಗುಂಪಿನಲ್ಲಿ ಕಂಡ ಫಲವನ್ನು ಸುಳಿವು ಎನ್ನಬಹುದು, ತೀರ್ಪು ಎನ್ನಲಾಗದು. ಖಾತ್ರಿಯಾಗಬೇಕಾದರೆ ಅದೇ ಬಗೆಯ ರೋಗಿಗಳ ಮೇಲೆ ಇನ್ನೂ ದೊಡ್ಡ ಪ್ರಯೋಗ ನಡೆಯಬೇಕು. ಅದಕ್ಕೆ ಹಣ ಬೇಕು, ವರ್ಷಗಳು ಬೇಕು. ಅಷ್ಟರಲ್ಲಿ, 2015ರಲ್ಲೇ, ಇದೇ ಸ್ಕ್ವಾಮಸ್ ಬಗೆಗೆ ಅಮೆರಿಕದಲ್ಲಿ ನಿವೊಲುಮಾಬ್ ಎಂಬ ಇಮ್ಯುನೊಥೆರಪಿಗೆ ಒಪ್ಪಿಗೆ ಸಿಕ್ಕಿತ್ತು. ಅದು ಆಯಸ್ಸು ಹೆಚ್ಚಿಸುತ್ತದೆ ಎಂಬುದಕ್ಕೆ ಪುರಾವೆಯಿತ್ತು. ಬೆಲೆ ಮಾತ್ರ ಸಂಬಳದಲ್ಲಿ ಬದುಕುವ ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ನಮ್ಮೂರಲ್ಲಿ ತಯಾರಾದದ್ದಕ್ಕೆ ಪುರಾವೆ ಸಾಲದು. ಪುರಾವೆ ಇದ್ದದ್ದಕ್ಕೆ ದುಡ್ಡು ಸಾಲದು. ಪ್ರಯೋಗಾಲಯಕ್ಕೂ ರೋಗಿಗೂ ನಡುವಿನ ದೂರ ಇದೇ.

ಮುಂದಿನ ಸಲ ರೈಲಿನಲ್ಲಿ ಅವರು ಮತ್ತೆ ಅದನ್ನೇ ಕೇಳಿದರು. "ಮೊದಲು ಬಯಾಪ್ಸಿಯೊಳಗ ಯಾವ ನಮೂನೀದು ಅಂತ ಬಂದದ, ಡಾಕ್ಟರನ್ನ ಕೇಳೋಣ್ರಿ ಕಾಕಾ" ಎಂದೆ. ಅವರು ರಿಪೋರ್ಟಿನ ಫೈಲನ್ನು ತೊಡೆಯ ಮೇಲಿಟ್ಟುಕೊಂಡರು.