ಒಂದು ಕುಟುಂಬದ ದನಿ, ಹಲವು ಮನೆಗಳ ನೆನಪು

ನಿಮ್ಮ ಮನೆಯ ಕಪಾಟಿನ ಕೆಳಗಣ ಖಾನೆಯನ್ನು ಒಮ್ಮೆ ತೆರೆದು ನೋಡಿ. ಹಳೆಯ ಪ್ರಾರ್ಥನಾ ಪುಸ್ತಕಗಳ ಪಕ್ಕದಲ್ಲಿ ನಾಲ್ಕಾರು ಕ್ಯಾಸೆಟ್‌ಗಳು ಧೂಳು ಹಿಡಿದಿರಬಹುದು. ಮಂಗಳೂರಿನ ಕೊಂಕಣಿ ಕ್ರೈಸ್ತ ಮನೆಯಾದರೆ, ಅವುಗಳಲ್ಲೊಂದರ ಮೇಲೆ ವಿಲ್ಫಿ ರೆಬಿಂಬಸ್ ಎಂಬ ಹೆಸರು ಕಂಡೀತು.

ಈ ಕ್ಯಾಸೆಟ್‌ಗಳ ಕಥೆಯನ್ನು 1963ರಿಂದ ಆರಂಭಿಸಬಹುದು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಫಿಲಿಪ್ಸ್ ಸಂಸ್ಥೆಯು ಬರ್ಲಿನ್ ನಗರದಲ್ಲಿ ಅಂಗೈಯಗಲದ ಕ್ಯಾಸೆಟ್ಟನ್ನು ಲೋಕಕ್ಕೆ ಪರಿಚಯಿಸಿತು. ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ಸಂವಿಧಾನವನ್ನು ಪ್ರಕಟಿಸಿ, ಜನಭಾಷೆಗಳಿಗೆ ಪೂಜಾವಿಧಿಯಲ್ಲಿ ಹೆಚ್ಚಿನ ಸ್ಥಾನ ನೀಡಿತು. ಒಂದಕ್ಕೊಂದು ಸಂಬಂಧವಿಲ್ಲದ ಈ ಎರಡು ಘಟನೆಗಳು ಮುಂದಿನ ದಶಕಗಳಲ್ಲಿ ನಮ್ಮ ಮನೆಯಂಗಳದಲ್ಲಿ ಸಂಧಿಸಿದವು. ಲ್ಯಾಟಿನ್ ಮೊಳಗುತ್ತಿದ್ದ ಬಲಿಪೂಜೆಯಲ್ಲಿ ತಾಯ್ನುಡಿಯ ಗೀತೆಗಳು ನೆಲೆಗೊಂಡವು. ತಾಯ್ನುಡಿಯ ಹಾಡುಗಳು ಕ್ಯಾಸೆಟ್ಟಿನ ಮೂಲಕ ಊಟದ ಮನೆಯವರೆಗೂ ಬಂದವು.

1942ರ ಏಪ್ರಿಲ್ 2ರಂದು ಜನಿಸಿದ ವಿಲ್ಫಿ ಆಗ 21ರ ತರುಣ. ಪದ ಕಟ್ಟುವುದು, ರಾಗ ಹೊಂದಿಸುವುದು, ಹಾಡುವುದು ಮೂರನ್ನೂ ನಿರ್ವಹಿಸಿದ ಅವರನ್ನು ಜನರು ‘ಕೊಂಕಣ್ ಕೋಗುಳ್’, ಅಂದರೆ ಕೊಂಕಣದ ಕೋಗಿಲೆ, ಎಂದು ಕರೆದರು. ಪತ್ನಿ ಮೀನಾ ಅವರ ದನಿಗೆ ದನಿಗೂಡಿಸಿದರು. ಮಕ್ಕಳಾದ ವೀಣಾ ಮತ್ತು ವಿಶ್ವಾಸ್ ಬೆಳೆದಂತೆ ಅವರೂ ಹಾಡಿದರು. ‘ವಿಲ್ಫಿ ನೈಟ್’ ಎಂದರೆ ಮನೆಮಂದಿಯೆಲ್ಲ ಜೊತೆಯಾಗಿ ಹೋಗುವ ಸಂಜೆಯಾಯಿತು. 2010ರ ಮಾರ್ಚ್ 9ರಂದು ಅವರು ನಮ್ಮನ್ನಗಲಿದರು.

ಇವರ ಹಾಡುಗಳೆಲ್ಲವೂ ಭಕ್ತಿಗೀತೆಗಳಲ್ಲ ಎಂಬುದನ್ನು ಗಮನಿಸಿ. ಪ್ರೀತಿ, ಅಗಲಿಕೆ, ತಮಾಷೆ, ಸಂಸಾರದ ಸಂಕಟ ಎಲ್ಲವೂ ಅಲ್ಲಿವೆ. ನಗಿಸಿದ ಕಂಠವೇ ದೇವರನ್ನೂ ಸ್ತುತಿಸಿತು. ಪ್ರಾರ್ಥನೆಗೆ ಒಂದು ದನಿ, ಬದುಕಿಗೆ ಇನ್ನೊಂದು ದನಿ ಎಂಬ ಭೇದ ಅಲ್ಲಿರಲಿಲ್ಲ. ಸಂಜೆಯ ಜಪಸರ ಮುಗಿದ ಬಳಿಕ ಅದೇ ಕೋಣೆಯಲ್ಲಿ ಈ ಹಾಡುಗಳನ್ನು ಆಲಿಸಿದ ಮನೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ನಿಧಿ ಶಾಶ್ವತವಲ್ಲ. ಕ್ಯಾಸೆಟ್ಟಿನ ಟೇಪು ತೆಳುವಾದ ಪ್ಲಾಸ್ಟಿಕ್ ಪಟ್ಟಿ; ಅದರ ಮೇಲೆ ಲೇಪಿಸಿದ ಕಾಂತೀಯ ಕಣಗಳಲ್ಲಿ ದನಿ ಅಡಗಿದೆ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ಅದರಲ್ಲಿ ಬೂಷ್ಟು ಹಿಡಿಯುತ್ತದೆ, ಲೇಪನ ಸಡಿಲವಾಗುತ್ತದೆ. ಬೂಷ್ಟು ಕಂಡ ಟೇಪನ್ನು ಅವಸರದಿಂದ ನುಡಿಸಿದರೆ ಟೇಪೂ ಯಂತ್ರವೂ ಕೆಡಬಹುದು. ಬಲ್ಲವರ ಕೈಗೆ ಕೊಡಿ. ಚೆನ್ನಾಗಿರುವುದನ್ನು ಇಂದೇ ಕಂಪ್ಯೂಟರಿಗೆ ವರ್ಗಾಯಿಸಿ. ಅರುವತ್ತು ನಿಮಿಷದ ಕ್ಯಾಸೆಟ್ಟು ಅಷ್ಟೇ ಸಮಯವನ್ನು ಬೇಡುತ್ತದೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹೊದಿಕೆಯ ಕಾಗದವನ್ನು ಎಸೆಯಬೇಡಿ. ಬರೆದವರು, ಹಾಡಿದವರು, ವಾದ್ಯ ನುಡಿಸಿದವರು ಯಾರೆಂಬುದಕ್ಕೆ ಎಷ್ಟೋ ಸಲ ಅದೊಂದೇ ಸಾಕ್ಷಿ.

ಮತ್ತೊಂದು ಮಾತು. ಹೆಸರು ಬರೆಯದ ಕ್ಯಾಸೆಟ್‌ಗಳನ್ನು ಕಸಕ್ಕೆ ಹಾಕುವ ಮುನ್ನ ಒಮ್ಮೆ ಆಲಿಸಿರಿ. ಯಾವುದೋ ಕ್ರಿಸ್ಮಸ್ ಸಂಜೆ ನಿಮ್ಮ ಅಜ್ಜಿ ಹಾಡಿದ ಸ್ತುತಿಗೀತೆ ಅಲ್ಲಿರಬಹುದು. ಖ್ಯಾತರ ಹಾಡುಗಳನ್ನು ಬೇರೆಯವರೂ ಕಾದಿಟ್ಟಾರು. ಆ ದನಿಯನ್ನು ಕಾಯಬಲ್ಲವರು ನೀವು ಮಾತ್ರ.