ಜಪ್ತಿಗೆ ಸಿಗದ ಕೂಲಿ

ಸಂಬಳದ ದಿನ ಕಾರ್ಖಾನೆಯ ಬಾಗಿಲಲ್ಲಿ ದೊಣ್ಣೆ ಹಿಡಿದು ನಿಲ್ಲುವ ಲೇವಾದೇವಿಗಾರನ ಸಂಗತಿ 1931ರ ವಿಟ್ಲಿ ಆಯೋಗದ ವರದಿಯಲ್ಲಿದೆ. ಭಾರತದ ಕಾರ್ಮಿಕರ ಸ್ಥಿತಿಗತಿ ತಿಳಿಯಲು ಬ್ರಿಟಿಷ್ ಸರ್ಕಾರ 1929ರಲ್ಲಿ ನೇಮಿಸಿದ ಆಯೋಗವದು. ಬಹುತೇಕ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲು ಕುಟುಂಬಗಳಾದರೂ ಸಾಲದಲ್ಲಿವೆ ಎಂದು ಅದು ಅಂದಾಜು ಮಾಡಿತು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇಕಡ 75!

ದೊಣ್ಣೆಗಿಂತ ಸಭ್ಯವಾದ ಹತ್ಯಾರು ಕೋರ್ಟಿನ ಡಿಕ್ರಿ. ಅದು ಬಂದರೆ ಮಾಲೀಕನೇ ಸಂಬಳ ಹಿಡಿದು ಕೋರ್ಟಿಗೆ ಕಟ್ಟಬೇಕು. ತಿಂಗಳಿಗೆ 300 ರೂಪಾಯಿಗಿಂತ ಕಡಿಮೆ ಪಡೆಯುವ ಕೆಲಸಗಾರರನ್ನು ಜಪ್ತಿಯಿಂದ ಪೂರ್ತಿ ಬಿಡಬೇಕೆಂದಿತು ಆಯೋಗ. 1937ರ ತಿದ್ದುಪಡಿ ಅಷ್ಟು ಉದಾರವಾಗಲಿಲ್ಲ: ಮೊದಲ 100 ರೂಪಾಯಿ ಮತ್ತು ಉಳಿದುದರ ಅರ್ಧಕ್ಕೆ ರಕ್ಷಣೆ. ಬಹುಪಾಲು ಗಿರಣಿ ಕೆಲಸಗಾರರ ಸಂಬಳ ನೂರನ್ನು ಮುಟ್ಟುತ್ತಲೇ ಇರಲಿಲ್ಲವಾದ್ದರಿಂದ ಅವರು ಪಾರಾದರು.

ತಿದ್ದುಪಡಿಯಾದದ್ದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು. ಅದು ಇಂದಿಗೂ ಜಾರಿಯಲ್ಲಿದೆ. ಕೂಲಿಯವರ, ಮನೆಗೆಲಸದವರ ವೇತನವನ್ನು ಅದು ಜಪ್ತಿಗೆ ಬಿಡುವುದೇ ಇಲ್ಲ, ಕಾಳಿನ ರೂಪದಲ್ಲಿ ಕೊಟ್ಟರೂ ಸರಿಯೆ. ಸಂಬಳದಾರರಿಗೆ ಮೊದಲ 1,000 ರೂಪಾಯಿ, ಉಳಿದುದರಲ್ಲಿ ಮೂರನೇ ಎರಡು ಪಾಲು ವಿನಾಯಿತಿ. 13,000 ರೂಪಾಯಿ ಸಂಬಳದಲ್ಲಿ 4,000ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಒಂದೇ ಡಿಕ್ರಿಗೆ ಒಟ್ಟು 24 ತಿಂಗಳ ಆಚೆಗೂ ಹಿಡಿಯುವಂತಿಲ್ಲ. (ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ಬೇರೆ, ಮೂರನೇ ಎರಡು ಪಾಲನ್ನೂ ಹಿಡಿಯಬಹುದು.) ಸಾವಿರವೆಂಬ ಅಂಕಿ 1999ರ ತಿದ್ದುಪಡಿಯದು, ಬೆಲೆಯೇರಿಕೆ ಅದನ್ನು ಎಂದೋ ತಿಂದುಹಾಕಿದೆ.

ಈ ರಕ್ಷಣೆ ತನಗೆ ಬೇಡವೆಂದು ಸಾಲಪತ್ರದಲ್ಲೇ ಬರೆಸಿಕೊಂಡಿದ್ದರೆ? 1976ರ ತಿದ್ದುಪಡಿಯ ಪ್ರಕಾರ ಅಂಥ ಕರಾರು ಅಸಿಂಧು.