ರಾಸ್ಪ್‌ಬೆರಿ ಪೈಯಿಂದ ಕ್ಲೌಡ್‌ಗೆ: ನೆನಪಿಲ್ಲದ ಸಂಖ್ಯೆಗಳು ಮುಚ್ಚಿಡುವ ದೋಷಗಳು

ಸೆನ್ಸರ್ ಇನ್ನೂ ಕೈಸೇರದಿದ್ದಾಗ, ರಾಸ್ಪ್‌ಬೆರಿ ಪೈಯಂಥ ಪುಟ್ಟ ಕಂಪ್ಯೂಟರಿನಲ್ಲಿ ಕೃತಕ ಅಳತೆಗಳನ್ನು ಹುಟ್ಟಿಸಿ ಕ್ಲೌಡ್‌ಗೆ ಕಳಿಸಿ ನೋಡುವುದು ರೂಢಿ. ಮೈಕ್ರೋಸಾಫ್ಟ್‌ನ ಅಜೂರ್ ಐಒಟಿ ಹಬ್ ಕಲಿಯುವವರಿಗೆಂದು ಸಿದ್ಧಪಡಿಸಿದ ಮಾದರಿ ಪ್ರೋಗ್ರಾಂನಲ್ಲಿ ಲೆಕ್ಕ ಸರಳ: 20ಕ್ಕೆ 15ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆ ಕೂಡಿಸಿದರೆ ಉಷ್ಣಾಂಶ, ಅದು 30 ದಾಟಿದರೆ ಎಚ್ಚರಿಕೆ. ಸಂದೇಶ ಹೋಗಿ ಮುಟ್ಟುತ್ತದೆ ಎಂದು ತೋರಿಸಲು ಇಷ್ಟು ಸಾಕು. ಮುಟ್ಟಿದ ಮೇಲೆ ನಡೆಯುವ ವಿಶ್ಲೇಷಣೆಯನ್ನು ಪರೀಕ್ಷಿಸಲು ಸಾಲದು ಎಂಬುದು ನನ್ನ ವಾದ.

ಏಕರೂಪ ವಿತರಣೆಯಿಂದ ಸ್ವತಂತ್ರವಾಗಿ ಆಯ್ದ ಎರಡು ಸಂಖ್ಯೆಗಳ ಸರಾಸರಿ ಅಂತರ ವ್ಯಾಪ್ತಿಯ ಮೂರನೇ ಒಂದು ಪಾಲು. ಇಲ್ಲಿ ವ್ಯಾಪ್ತಿ 15 ಡಿಗ್ರಿ. ಎಂದರೆ ಒಂದು ಅಳತೆಯಿಂದ ಮುಂದಿನದಕ್ಕೆ ಸರಾಸರಿ 5 ಡಿಗ್ರಿ ಜಿಗಿತ. ಎರಡು ಸೆಕೆಂಡಿಗೊಂದು ಅಳತೆ ಎಂದಿಟ್ಟುಕೊಂಡರೆ, ಅಷ್ಟರಲ್ಲಿ ಯಾವ ಕೋಣೆಯ ಗಾಳಿಯೂ ಹೀಗೆ ಕಾದು ತಣಿಯುವುದಿಲ್ಲ. ಮೂರರಲ್ಲಿ ಒಂದು ಸಂದೇಶ ಎಚ್ಚರಿಕೆ ಹೊತ್ತು ಬರುತ್ತದೆ. ಇದು ಅತಿಯಾಯಿತೆಂದು ಒಂದು ನಿಮಿಷದ 30 ಅಳತೆಗಳ ಸರಾಸರಿ ತೆಗೆದರೆ ಅದು 27.5ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರ ಮಾನಕ ವಿಚಲನ ಸುಮಾರು 0.8 ಮಾತ್ರ, ಹಾಗಾಗಿ 30 ದಾಟುವುದು ತೀರ ಅಪರೂಪ. ಎಚ್ಚರಿಕೆ ಅಡಗಿತು, ಸೋಸುವಿಕೆ ಗೆದ್ದಿತು ಎಂದು ತೋರುತ್ತದೆ. ಆದರೆ ನಿಜವಾದ ಉಷ್ಣಾಂಶ ನಿಧಾನವಾಗಿ ಬದಲಾಗುವಂಥದ್ದು. ನಿಮಿಷದ ಸರಾಸರಿ ಅದನ್ನು ಹೆಚ್ಚೇನೂ ಅಲುಗಿಸದು. ಈ ಗೆಲುವು ಕೃತಕ ಸಂಖ್ಯೆಗಳಿಗೆ ಹಿಂದಿನ ಅಳತೆಯ ನೆನಪಿಲ್ಲದ್ದರಿಂದ ಸಿಕ್ಕಿದ್ದು.

ಪರಿಹಾರ ಕಷ್ಟದ್ದಲ್ಲ. ಹಗಲಿರುಳಿನ ಏರಿಳಿತಕ್ಕೆ ಒಂದು ಸೈನ್ ಅಲೆ, ಅದರ ಮೇಲೆ ಹಿಂದಿನ ವಿಚಲನದ ಬಹುಪಾಲನ್ನು ಉಳಿಸಿಕೊಂಡು ಚೂರು ಹೊಸದನ್ನು ಬೆರೆಸುವ ಸ್ವಸಹಸಂಬಂಧದ ಮಾದರಿ: ಹತ್ತು ಸಾಲಿನ ಕೋಡ್. ಯಾದೃಚ್ಛಿಕ ಸಂಖ್ಯೆಗಳ ಸೀಡ್ ಬರೆದಿಟ್ಟರೆ ಪ್ರಯೋಗವನ್ನು ಇನ್ನೊಬ್ಬರೂ ಮರಳಿ ನಡೆಸಬಹುದು.

ದಾರಿಯದೂ ಒಂದು ತೊಡಕಿದೆ. ಸಂದೇಶ ಒಯ್ಯುವ ಎಂಕ್ಯೂಟಿಟಿ ಶಿಷ್ಟಾಚಾರವನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ್ದು ಉಪಗ್ರಹ ಸಂಪರ್ಕದ ಮೇಲೆ ತೈಲ ಕೊಳವೆಗಳ ನಿಗಾ ಇಡಲು. ಅದರ ‘ಕನಿಷ್ಠ ಒಮ್ಮೆ’ ಎಂಬ ಹಂತದಲ್ಲಿ ಸ್ವೀಕೃತಿ ಕಳೆದುಹೋದರೆ ಅದೇ ಸಂದೇಶ ಮತ್ತೆ ಹೋಗುತ್ತದೆ. ‘ಸರಿಯಾಗಿ ಒಮ್ಮೆ’ ಎಂಬ ಮೇಲಿನ ಹಂತವನ್ನು ಅಜೂರ್ ಹಬ್ ಒಪ್ಪುವುದಿಲ್ಲ. ಹಾಗಾಗಿ ಅವಳಿ ಸಂದೇಶಗಳನ್ನು ಹೆಕ್ಕುವ ಕೆಲಸ ನಮ್ಮ ಪಾಲಿನದು. ಉದ್ದುದ್ದ ದಶಾಂಶಗಳ ಕೃತಕ ಸಂಖ್ಯೆ ಎರಡು ಸಲ ಬಂದರೆ ಅವಳಿಯೆಂದು ಒಡನೆ ತಿಳಿಯುತ್ತದೆ. ನಿಜವಾದ ಸೆನ್ಸರ್ ತಣ್ಣನೆಯ ರಾತ್ರಿ 21.4, 21.4, 21.4 ಎಂದೇ ಹೇಳುತ್ತಿರಬಹುದು. ಬೆಲೆ ನೋಡಿ ಅವಳಿ ಗುರುತಿಸುವ ಕೋಡ್ ಆಗ ಪ್ರಾಮಾಣಿಕ ಅಳತೆಗಳನ್ನೇ ಅಳಿಸಿಹಾಕುತ್ತದೆ. ಅಳತೆ ಹುಟ್ಟಿದ ಕ್ಷಣದಲ್ಲೇ ಕ್ರಮಸಂಖ್ಯೆ ಅಂಟಿಸಬೇಕು.

ಗಡಿಯಾರದ ಮಾತೂ ಇದೆ. ಪೈ 5ಕ್ಕಿಂತ ಹಿಂದಿನ ಮಾದರಿಗಳ ಬೋರ್ಡಿನಲ್ಲಿ ವಿದ್ಯುತ್ ಇಲ್ಲದಾಗಲೂ ಓಡುವ ಗಡಿಯಾರವಿಲ್ಲ. ಕರೆಂಟ್ ಹೋಗಿ ಬಂದ ಮೇಲೆ, ನೆಟ್‌ವರ್ಕಿನಿಂದ ಸರಿಯಾದ ವೇಳೆ ದೊರೆಯುವವರೆಗೆ ಅದು ಹಳೆಯ ಗಳಿಗೆಯಲ್ಲೇ ಬದುಕುತ್ತದೆ. ಆ ಗಡಿಯಾರ ನೋಡಿ ಅವಧಿ ಲೆಕ್ಕಹಾಕಿದ ಪ್ರವೇಶ ಟೋಕನ್ ಹುಟ್ಟುವಾಗಲೇ ಮುಗಿದಿರಬಹುದು. ಗಡಿಯಾರವನ್ನು ಬೇಕೆಂದೇ ಹಿಂದೆ ಸರಿಸಿ ಪರೀಕ್ಷಿಸುವುದು ಒಳ್ಳೆಯದು.

ಕೊನೆಯದಾಗಿ, ದೋಷವನ್ನೂ ಅನುಕರಿಸಬೇಕು. ಡಿಎಸ್18ಬಿ20 ಎಂಬ ಜನಪ್ರಿಯ ಉಷ್ಣಾಂಶ ಸೆನ್ಸರಿಗೆ ಪೂರ್ಣ ನಿಖರತೆಯಲ್ಲಿ ಅಳೆಯಲು 750 ಮಿಲಿಸೆಕೆಂಡ್‌ವರೆಗೆ ಹಿಡಿಯುತ್ತದೆ. ವಿದ್ಯುತ್ ಕೊಟ್ಟೊಡನೆ, ಅಳತೆ ಮುಗಿಯುವ ಮೊದಲೇ ಕೇಳಿದರೆ ಅದು 85 ಡಿಗ್ರಿ ಎನ್ನುತ್ತದೆ. 20ರಿಂದ 35ರೊಳಗೇ ಸುತ್ತುವ ಮಾದರಿ ಪ್ರೋಗ್ರಾಂ ಈ ಸಂಖ್ಯೆಯನ್ನು ಎಂದಿಗೂ ಕಳಿಸದು. 27 ಡಿಗ್ರಿಯ 29 ಅಳತೆಗಳ ನಡುವೆ ಒಂದೇ ಒಂದು 85 ನುಸುಳಿದರೆ ನಿಮಿಷದ ಸರಾಸರಿ 28.9 ಆಗುತ್ತದೆ: 30 ದಾಟಲಿಲ್ಲ, ಎಚ್ಚರಿಕೆ ಬರಲಿಲ್ಲ, ದಾಖಲೆಯಲ್ಲಿ ಮಾತ್ರ ಇಲ್ಲದ ಎರಡು ಡಿಗ್ರಿ ಉಳಿಯಿತು.